ಎಂಬಿರಾ: ಗುಂಪಿನಲ್ಲಿ ನುಡಿಸುವಾಗ ನನ್ನ ಭಾಗ ಕೈತಪ್ಪುತ್ತದೆ, ಏನು ಮಾಡಲಿ?

ಹರಾರೆಕನ್ನಡಿಗ:
ಹರಾರೆಯಲ್ಲಿ ಒಂದು ಗುಂಪಿನ ಜೊತೆ ಜಿಂಬಾಬ್ವೆಯ ಶೋನಾ ಜನರ ಎಂಬಿರಾ ಡ್ಜಾವಾಡ್ಜಿಮು, ಅಂದರೆ ಮರದ ಹಲಗೆಗೆ ಲೋಹದ ಪಟ್ಟಿಗಳನ್ನು ಜೋಡಿಸಿದ ವಾದ್ಯ, ಕಲಿಯುತ್ತಿದ್ದೇನೆ. ಬೆರಳುಗಳು ಒಗ್ಗಿಕೊಂಡಿವೆ. ಎರಡು ಹೆಬ್ಬೆರಳು ಪಟ್ಟಿಗಳನ್ನು ಕೆಳಕ್ಕೆ ಒತ್ತಿ ಬಿಡುತ್ತವೆ, ಬಲ ತೋರುಬೆರಳು ಕೆಳಗಿನಿಂದ ಮೇಲಕ್ಕೆ ಮೀಟುತ್ತದೆ. ಮನೆಯಲ್ಲಿ ಕುಶೌರಾ, ಅಂದರೆ ಮುನ್ನಡೆಸುವ ಭಾಗ, ಸರಾಗವಾಗಿ ಬರುತ್ತದೆ. ಆದರೆ ಪಕ್ಕದವರು ಅದಕ್ಕೆ ಹೆಣೆದುಕೊಳ್ಳುವ ಕುಟ್ಸಿನ್ಹಿರಾ ಶುರು ಮಾಡಿದರೆ ಸಾಕು, ನನ್ನ ಕೈ ಅವರ ಹಿಂದೆ ಓಡುತ್ತದೆ. ಗುರುಗಳು "ಕೇಳು" ಅನ್ನುತ್ತಾರೆ. ಯಾವುದನ್ನು ಕೇಳಬೇಕು? ಎಣಿಸಿಕೊಂಡು ನುಡಿಸಿದರೆ ಆಗುತ್ತದಾ?

ಹೋಶೋಪ್ರಿಯೆ:
ಎಣಿಸಬೇಡಿ, ದಯವಿಟ್ಟು. ಒಂದು ಸುತ್ತಿನಲ್ಲಿ ಸಾಮಾನ್ಯವಾಗಿ 48 ಸಣ್ಣ ಮಿಡಿತಗಳಿರುತ್ತವೆ, 12ರಂತೆ ನಾಲ್ಕು ತುಂಡು. ಅಷ್ಟನ್ನು ಎಣಿಸುತ್ತಾ ಕೂತರೆ ಕಿವಿಗೆ ಕೆಲಸವೇ ಇರುವುದಿಲ್ಲ. ಹೋಶೋ ಕೇಳಿ. ಆ ಸೋರೆ ಗಿಲಕಿ ನಿಮ್ಮಿಬ್ಬರಿಗೂ ನೆಲ ಇದ್ದಂತೆ. ಅದನ್ನು ಆಡಿಸುವವರ ಪಕ್ಕದಲ್ಲೇ ಕೂತು, ಮೊದಲು ಎಡಗೈಯ ದಪ್ಪ ಸ್ವರಗಳನ್ನಷ್ಟೇ ನುಡಿಸಿ.

ಎಷ್ಟೋ ಹಾಡುಗಳಲ್ಲಿ ಕುಟ್ಸಿನ್ಹಿರಾ ನಿಮ್ಮದೇ ರಾಗ, ಒಂದು ಮಿಡಿತ ತಡವಾಗಿ ಬರುತ್ತದೆ ಅಷ್ಟೇ. ಅವರ ಸ್ವರ ನಿಮ್ಮ ಎರಡು ಸ್ವರಗಳ ನಡುವೆ ಬೀಳುತ್ತದೆ. ಕೈ ಅತ್ತ ಎಳೆಯುವುದು ಅದಕ್ಕೇ. ನನ್ನ ಪ್ರಕಾರ ಇದಕ್ಕೆ ನಿಜವಾದ ಮದ್ದು ಆ ಭಾಗವನ್ನೂ ಕಲಿಯುವುದು. ಸುಮ್ನೆ ಪರಿಚಯಕ್ಕಲ್ಲ, ಪೂರ್ತಿ ಕಲಿಯಿರಿ. ಆಮೇಲೆ ಅದು ಅಡ್ಡಿ ಅನಿಸುವುದಿಲ್ಲ. ಇಬ್ಬರಲ್ಲಿ ಒಬ್ಬರೂ ನುಡಿಸದ ಮೂರನೇ ರಾಗವೊಂದು ನಡುವಿನಿಂದ ಕೇಳಿಸುತ್ತದೆ. ಅದಕ್ಕಾಗಿಯೇ ಅಲ್ವಾ ನಾವು ಗುಂಪಿನಲ್ಲಿ ಕೂರುವುದು!

ಸೋರೆಬುರುಡೆ:
ತಪ್ಪಿದಾಗ ತಡಕಾಡಬೇಡಿ. ಕೈ ನಿಲ್ಲಿಸಿ, ಒಂದು ಸುತ್ತು ಕೇಳಿ, ಗೊತ್ತಿರುವ ಜಾಗದಲ್ಲಿ ಸೇರಿಕೊಳ್ಳಿ. ಹಾಡು ಸುತ್ತುತ್ತಲೇ ಇರುತ್ತದೆ, ಇಲ್ಲಿಂದಲೇ ಶುರು ಅಂತ ಕಟ್ಟಿಲ್ಲ. ಬೀರಾ, ಅಂದರೆ ಹಿರಿಯರ ಆತ್ಮಗಳನ್ನು ಕರೆಯುವ ಆಚರಣೆಯಲ್ಲಿ, ರಾತ್ರಿಯಿಡೀ ನುಡಿಸುತ್ತಾರೆ. ಒಬ್ಬರು ಕೈಬಿಟ್ಟು ಮತ್ತೆ ಸೇರಿದರೂ ಹಾಡು ನಿಲ್ಲುವುದಿಲ್ಲ.

ಹರಾರೆಕನ್ನಡಿಗ:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಇನ್ನೊಂದು ಪ್ರಶ್ನೆ. ಡೇಜೆ, ಅಂದರೆ ಆ ದೊಡ್ಡ ಸೋರೆಬುರುಡೆ, ಅದರೊಳಗಿಟ್ಟು ನುಡಿಸಿದರೆ ನನ್ನ ಸ್ವರವೇ ಜಾಸ್ತಿ ಕೇಳಿಸುತ್ತದೆ. ತೆಗೆದಿಡಲಾ?

ಹೋಶೋಪ್ರಿಯೆ:
ಮನೆಯಲ್ಲಿ ತೆಗೆದಿಡಿ. ಗುಂಪಿನಲ್ಲಿ ಬೇಡ. ಬುರುಡೆಯ ಅಂಚಿಗೆ ಕಟ್ಟಿದ ಬಾಟಲಿ ಮುಚ್ಚಳಗಳ ಝೇಂಕಾರವೂ ಸಂಗೀತದ್ದೇ ಭಾಗ. ಎಂಬಿರಾವನ್ನು ಕೋಲಿನಿಂದ ಡೇಜೆಯೊಳಗೆ ಬಿಗಿಯಾಗಿ ಸಿಕ್ಕಿಸಿ, ಬಲ ಕಿರುಬೆರಳನ್ನು ಹಲಗೆಯ ತೂತಿನಲ್ಲಿಟ್ಟು ಹಿಡಿಯಿರಿ. ಆಮೇಲೆ ಮೆಲ್ಲಗೆ ಮೀಟಿ. ಪಕ್ಕದವರ ಸ್ವರ ನಿಮ್ಮದಕ್ಕಿಂತ ಸ್ಪಷ್ಟವಾಗಿ ಕೇಳಿಸುವಷ್ಟು ಮೆಲ್ಲಗೆ.