ಅಪ್‌ಡೇಟ್: ಹಳೆ ಹಾರ್ಡ್ ಡಿಸ್ಕಿನ ಮೈನ್‌ಕ್ರಾಫ್ಟ್ ಜಾರ್ ಯಾವ ಆವೃತ್ತಿಯದು?

2010ರ ಕಾಲದ ಡಿಸ್ಕಿನಲ್ಲಿರುವ ಮೈನ್‌ಕ್ರಾಫ್ಟ್ ಆಟದ ಜಾರ್ ಫೈಲ್ (ಆಟದ ಪ್ರೋಗ್ರಾಂ ಇರುವ ಫೈಲ್) ಯಾವ ಆಲ್ಫಾ (ಆರಂಭಿಕ ಪರೀಕ್ಷಾ) ಆವೃತ್ತಿಯದು, ಪತ್ತೆ ಹೇಗೆ ಎಂದು ಕೇಳಿದ್ದೆ. ಉತ್ತರ ಸಿಕ್ಕಿದೆ: ಆಲ್ಫಾ 1.1.2. ಹಳೆ ಆವೃತ್ತಿಗಳ ಸಂಗ್ರಹಕಾರರ ಬಳಿ ಆಗಲೇ ಇರುವಂಥದ್ದು. ಆದರೂ ವಿಧಾನ ಬರೆದಿಡುತ್ತೇನೆ, ಮುಂದೆ ಹುಡುಕುವವರಿಗೆ ಬೇಕು.

ಆ ಡಿಸ್ಕಿನಿಂದ ಕಂಪ್ಯೂಟರನ್ನು ಬೂಟ್ ಮಾಡಲೇಬೇಡಿ. ಆಟವನ್ನು ತೆರೆಯುವ ಹಳೆ ಲಾಂಚರ್ ಪ್ರೋಗ್ರಾಂ ಅಪ್‌ಡೇಟ್ ಮಾಡುವಾಗ 'ಬಿನ್' ಫೋಲ್ಡರಿನ ಅದೇ ಜಾರ್ ಮೇಲೆ ಹೊಸದನ್ನು ಬರೆಯುತ್ತಿತ್ತು; ಇಷ್ಟೊಂದು ಆವೃತ್ತಿಗಳು ಕಳೆದುಹೋಗಲು ಮುಖ್ಯ ಕಾರಣವೇ ಅದು. 2010ರ ಸೆಪ್ಟೆಂಬರಿನ ಆಲ್ಫಾ 1.1.1 ಕೆಲವೇ ಗಂಟೆ ಲಭ್ಯವಿತ್ತು, ಮತ್ತೆ ಸಿಕ್ಕಿದ್ದು 2021ರಲ್ಲಿ! ಮೊದಲು ಡಿಡಿರೆಸ್ಕ್ಯೂ ಎಂಬ ಡಿಸ್ಕ್ ನಕಲಿಸುವ ಪ್ರೋಗ್ರಾಂ ಬಳಸಿ ಇಡೀ ಡಿಸ್ಕಿನ ಇಮೇಜ್ (ಪೂರ್ಣ ನಕಲು) ತೆಗೆದು, ಇಮೇಜಿನ ಮೇಲೆ ಮಾತ್ರ ಕೆಲಸ ಮಾಡಿ.

ಜಾರ್ ಎಂದರೆ ಜಿಪ್ ಫೈಲೇ. ಒಳಗಿನ ಕ್ಲಾಸ್ ಫೈಲುಗಳು (ಜಾವಾ ಪ್ರೋಗ್ರಾಮಿನ ಕೋಡ್ ಇರುವವು) ಕಂಪ್ರೆಸ್ ಆಗಿರುವುದರಿಂದ ನೇರವಾಗಿ ಹುಡುಕಿದರೆ ಆವೃತ್ತಿಯ ಹೆಸರು ಕಾಣದು. ನಕಲನ್ನು ಬಿಚ್ಚಿ, ನಂತರ ಕ್ಲಾಸ್ ಫೈಲುಗಳಲ್ಲಿ 'ಮೈನ್‌ಕ್ರಾಫ್ಟ್ ಆಲ್ಫಾ' ಎಂಬ ಇಂಗ್ಲಿಷ್ ಪಠ್ಯ ಹುಡುಕಿ. ಪಕ್ಕದಲ್ಲೇ ಸಂಖ್ಯೆ ಇರುತ್ತದೆ. ಫೋಲ್ಡರಿನಲ್ಲಿ ಕಾಣುವ ದಿನಾಂಕ ನಂಬಬೇಡಿ, ಕಾಪಿ ಮಾಡಿದಾಗ ಅದು ಬದಲಾಗಬಹುದು. ಜಿಪ್‌ನೊಳಗಿನ ದಿನಾಂಕ ಹೆಚ್ಚು ಗಟ್ಟಿ.

ಮಾಡ್ (ಆಟವನ್ನು ಬದಲಿಸುವ ಫೈಲುಗಳು) ಹಾಕಲು ಜಾರಿನೊಳಗಿನ ಮೆಟಾ-ಇನ್ಫ್ ಫೋಲ್ಡರ್ ಅಳಿಸಿದ್ದರೆ ಇಡೀ ಜಾರಿನ ಹ್ಯಾಶ್ (ಫೈಲಿನ ಗುರುತು ಸಂಖ್ಯೆ) ಮೂಲ ಆವೃತ್ತಿಯದಕ್ಕೆ ಹೊಂದುವುದಿಲ್ಲ. ಆಗ ಒಂದೊಂದೇ ಕ್ಲಾಸ್ ಫೈಲಿನ ಸಿಆರ್‌ಸಿ (ಜಿಪ್‌ನಲ್ಲಿ ದಾಖಲಾಗಿರುವ ತಪಾಸಣಾ ಸಂಖ್ಯೆ) ಹೋಲಿಸಿ. ಬದಲಾಗಿರುವುದು ಮಾಡ್ ಮುಟ್ಟಿದ ಫೈಲುಗಳಷ್ಟೇ.

ಅಳಿಸಿಹೋದ ಜಾರ್‌ಗೆ ಫೋಟೋರೆಕ್ ಎಂಬ ಫೈಲ್ ಮರಳಿ ತರುವ ಪ್ರೋಗ್ರಾಂ ಪ್ರಯತ್ನಿಸಿ. ಫೈಲಿನ ಹೆಸರು ಉಳಿಯದು. ಡಿಸ್ಕಿನಲ್ಲಿ ತುಂಡುತುಂಡಾಗಿ ಚದುರಿದ ಫೈಲಾದರೆ ಬಾಲ ತುಂಡಾಗಿ ತೆರೆಯುವುದೂ ಇಲ್ಲ, ಏಕೆಂದರೆ ಜಿಪ್‌ನ ಸೂಚಿ ಕೊನೆಯಲ್ಲಿರುತ್ತದೆ. ಅಂಥದ್ದನ್ನೂ ಎಸೆಯಬೇಡಿ, ದಯವಿಟ್ಟು.