ಹಳೆ ನೋವಿಗೆ ಮನಸ್ಸು-ದೇಹದ ಚಿಕಿತ್ಸೆ: ಯಾವುದನ್ನು ಹಿಡಿಯಬೇಕು?

ನಿಧಾನನಡಿಗೆ:
ಸೊಂಟನೋವು ಶುರುವಾಗಿ ವರ್ಷಗಳೇ ಆದವು. ಎಂಆರ್‌ಐ ಆಯಿತು, ಫಿಸಿಯೋ ಆಯಿತು, ಇಂಜೆಕ್ಷನ್ನೂ ಆಯಿತು. ಆಪರೇಷನ್ ಮಾಡುವಂಥದ್ದು ಏನೂ ಇಲ್ಲವಂತೆ. ‘ನಿಮ್ಮ ನರಮಂಡಲ ಜಾಸ್ತಿ ಸೂಕ್ಷ್ಮ ಆಗಿದೆ, ಮನಸ್ಸು-ದೇಹ ಎರಡನ್ನೂ ಹಿಡಿದು ಮಾಡುವ ಚಿಕಿತ್ಸೆ ನೋಡಿ’ ಎಂದರು ಡಾಕ್ಟರು. ಹುಡುಕಲು ಕೂತರೆ ಹೆಸರುಗಳೇ ಒಂದು ರಾಶಿ. ಯೋಚನೆ, ನಡವಳಿಕೆ ಬದಲಿಸುವ ಮಾತಿನ ಚಿಕಿತ್ಸೆ ಸಿಬಿಟಿಯಂತೆ, ಆಗುತ್ತಿರುವುದನ್ನು ಸುಮ್ಮನೆ ಗಮನಿಸುವ ಧ್ಯಾನ ಮೈಂಡ್‌ಫುಲ್‌ನೆಸ್ ಅಂತೆ, ಪೇನ್ ರೀಪ್ರೊಸೆಸಿಂಗ್ ಅಂತೆ, ಇನ್ನೂ ಏನೇನೋ. ಒಬ್ಬರು ನೋವು ಪೂರ್ತಿ ಹೋಗುತ್ತದೆ ಎನ್ನುತ್ತಾರೆ. ಇನ್ನೊಬ್ಬರು ನೋವಿನ ಜೊತೆಗೇ ಬದುಕಲು ಕಲಿಯಿರಿ ಎನ್ನುತ್ತಾರೆ. ಏನು ನೋಡಿ ಆರಿಸಬೇಕು?

ಸಂಶಯದ ಸುಬ್ಬ:
‘ನರಮಂಡಲ ಸೂಕ್ಷ್ಮ ಆಗಿದೆ’ ಎಂದರೆ ‘ನಮಗೆ ಏನೂ ಸಿಗಲಿಲ್ಲ’ ಎಂದು ಮರ್ಯಾದೆಯಾಗಿ ಹೇಳಿದ ಹಾಗೆ ಅಲ್ವಾ? ರಿಪೋರ್ಟಿನಲ್ಲಿ ಕಾರಣ ಕಾಣದಿದ್ದರೆ ತಪ್ಪನ್ನು ರೋಗಿಯ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವುದು.

ಫಿಸಿಯೋ ಅಕ್ಕ:
ಸುಬ್ಬ ಅವರೇ, ಹಾಗೆ ಕೈತೊಳೆದುಕೊಳ್ಳುವವರು ಇದ್ದಾರೆ, ಇಲ್ಲ ಎನ್ನುವುದಿಲ್ಲ. ಆದರೆ ವಿಷಯ ಸುಳ್ಳಲ್ಲ. ಗಾಯ ಮಾಗಿದ ಮೇಲೂ ನರಗಳು, ಮೆದುಳು ಅಪಾಯದ ಸಂಕೇತ ಕೊಡುತ್ತಲೇ ಇರಬಹುದು. ಹಗ್ಗ ಕಂಡು ಹಾವು ಎಂದು ಬೆಚ್ಚಿದ ಹಾಗೆ. ಬೆಚ್ಚಿದ್ದು ನಿಜ, ಎದೆ ಹೊಡೆದುಕೊಂಡಿದ್ದೂ ನಿಜ, ಹಾವು ಮಾತ್ರ ಇಲ್ಲ. ಈ ಬಗೆಯ ನೋವಿಗೆ ಅಂತಾರಾಷ್ಟ್ರೀಯ ನೋವು ಅಧ್ಯಯನ ಸಂಘ 2017ರಲ್ಲೇ ‘ನೋಸಿಪ್ಲಾಸ್ಟಿಕ್’ ಎಂಬ ಹೆಸರು ಒಪ್ಪಿಕೊಂಡಿದೆ. ಮೂರು ತಿಂಗಳು ದಾಟಿದ ನೋವಿಗೆ ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ಎಂಬ ರೋಗಗಳ ಪಟ್ಟಿಯಲ್ಲಿ ಬೇರೆ ವಿಭಾಗವೇ ಇದೆ. 2022ರಿಂದ ಅದು ಜಾರಿಯಲ್ಲಿದೆ.

ಇನ್ನು ರಿಪೋರ್ಟಿನ ಮಾತು. ಬೆನ್ನುನೋವು ಇಲ್ಲವೇ ಇಲ್ಲ ಎನ್ನುವವರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ ನೋಡಿದ ಪರಿಶೀಲನೆ 2015ರಲ್ಲಿ ಬಂತು. 20 ವರ್ಷದವರಲ್ಲೇ ಶೇ 37 ಮಂದಿಗೆ ಡಿಸ್ಕ್, ಅಂದರೆ ಬೆನ್ನುಮೂಳೆಗಳ ನಡುವಿನ ಮೆತ್ತೆ, ಸವೆದಿತ್ತು. 80ರ ವಯಸ್ಸಿನಲ್ಲಿ ಶೇ 96. ಹಾಗಾಗಿ ‘ಡಿಸ್ಕ್ ಸವೆದಿದೆ’ ಎಂಬ ಸಾಲು ಓದಿದ ತಕ್ಷಣ ನೋವಿನ ಮೂಲ ಸಿಕ್ಕಿತು ಎಂದುಕೊಳ್ಳಬೇಡಿ.

ಸಂಶಯದ ಸುಬ್ಬ:
ಹಗ್ಗವನ್ನು ಹಾವು ಎಂದುಕೊಂಡರೆ ಬರೀ ಭಯ. ಹಾವನ್ನೇ ಹಗ್ಗ ಎಂದುಕೊಂಡರೆ? ನನ್ನ ತಂಗಿಗೆ ಹೊಟ್ಟೆನೋವು. ‘ಟೆನ್ಷನ್ ಕಡಿಮೆ ಮಾಡಮ್ಮಾ’ ಎಂದು ಎಷ್ಟೋ ಕಾಲ ಕಳಿಸಿದರು. ಕೊನೆಗೆ ನೋಡಿದರೆ ಎಂಡೊಮೆಟ್ರಿಯೋಸಿಸ್, ಗರ್ಭಕೋಶದ ಒಳಪದರದಂಥದ್ದು ಹೊರಗೆ ಬೆಳೆಯುವ ಕಾಯಿಲೆ. ಆ ದಿನಗಳಲ್ಲಿ ಯಾರಾದರೂ ಅವಳಿಗೆ ಧ್ಯಾನ ಮಾಡು ಎಂದಿದ್ದರೆ ನಾನೇ ಜಗಳಕ್ಕೆ ಹೋಗುತ್ತಿದ್ದೆ.

ಫಿಸಿಯೋ ಅಕ್ಕ:
ಹೋಗಬೇಕಾದ್ದೇ. ಮೊದಲು ತಪಾಸಣೆ, ಆಮೇಲೆ ಉಳಿದದ್ದು. ಮೂತ್ರ, ಮಲದ ಹಿಡಿತ ತಪ್ಪುವುದು, ತೊಡೆಸಂದಿಯಲ್ಲಿ ಮರಗಟ್ಟುವುದು, ಕಾಲಿನ ಬಲ ದಿನೇದಿನೇ ಕುಗ್ಗುವುದು, ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಹಿಂದೆ ಕ್ಯಾನ್ಸರ್ ಆಗಿದ್ದು. ಇದರಲ್ಲಿ ಒಂದಿದ್ದರೂ ಸೀದಾ ಡಾಕ್ಟರ ಹತ್ತಿರ. ಮೊದಲ ಎರಡಾದರೆ ಅವತ್ತೇ. ಈ ಚರ್ಚೆ ಆಮೇಲೆ ಓದಿದರಾಯಿತು.

ಮತ್ತೆ ಓಡಿದವ:
ನಾನು ಪೇನ್ ರೀಪ್ರೊಸೆಸಿಂಗ್ ಮಾಡಿದವನು. ನೋವು ಎಂದರೆ ಅಪಾಯವಲ್ಲ ಎಂದು ಮೆದುಳಿಗೆ ಮತ್ತೆ ಕಲಿಸುವ ಚಿಕಿತ್ಸೆ ಅದು. ಅದಕ್ಕೆ ಹೋಗಲು ಕಾರಣ ನನ್ನ ನೋವಿನ ನಡತೆ. ಒಂದು ದಿನ ಎಡಗಡೆ, ಇನ್ನೊಂದು ದಿನ ಬಲಗಡೆ. ಭಾನುವಾರ ಸಂಜೆ ಜಾಸ್ತಿ, ರಜೆಯಲ್ಲಿ ಇರುವುದೇ ಇಲ್ಲ. ಆಫೀಸಿನ ಕುರ್ಚಿಯಲ್ಲಿ ಹತ್ತು ನಿಮಿಷ ಕೂತರೆ ಉರಿ, ಗೆಳೆಯನ ಮನೆಯ ಮುರುಕಲು ಸ್ಟೂಲಿನ ಮೇಲೆ ಎರಡು ಗಂಟೆ ಹರಟೆ ಹೊಡೆದರೂ ಏನಿಲ್ಲ. ಮೂಳೆಗೇನು ಗೊತ್ತು ಭಾನುವಾರ?

ಮಾಡಿಸಿದ್ದು ಬಹಳ ಸರಳ. ಅದೇ ಕುರ್ಚಿಯಲ್ಲಿ ಕೂರಬೇಕು. ಉರಿ ಶುರುವಾದಾಗ ಎದ್ದು ಓಡದೆ ಅದನ್ನೇ ನೋಡಬೇಕು. ಎಲ್ಲಿದೆ, ಅಂಗೈಯಷ್ಟಿದೆಯೋ ಬೆರಳ ತುದಿಯಷ್ಟೋ, ಬಿಸಿಯೋ ಜುಮ್ಮೋ, ಸರಿಯುತ್ತಿದೆಯೋ ನಿಂತಿದೆಯೋ. ಓಡಿಸಬೇಕು ಎಂಬ ಹಟ ಬೇಡ. ‘ಇದರಿಂದ ನನಗೆ ಏನೂ ಆಗುವುದಿಲ್ಲ’ ಎಂದುಕೊಂಡು ಸುಮ್ನೆ ನೋಡುವುದು. ಮೊದಮೊದಲು ಭುಜ ಕಿವಿಯ ತನಕ ಏರಿಬಿಡುತ್ತಿತ್ತು. ಅದನ್ನು ಇಳಿಸುವುದೇ ಅರ್ಧ ಕೆಲಸ.

ಅಮೆರಿಕದ ಕೊಲರಾಡೊದಲ್ಲಿ ಇದರ ಪ್ರಯೋಗ ನಡೆದು 2022ರಲ್ಲಿ ಜಾಮಾ ಸೈಕಿಯಾಟ್ರಿ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚಾಗಿದೆ. 151 ಜನ, ನಾಲ್ಕು ವಾರ. ಚಿಕಿತ್ಸೆ ಪಡೆದವರಲ್ಲಿ ಶೇ 66 ಮಂದಿಗೆ ನೋವು ಇಲ್ಲ ಅಥವಾ ಇಲ್ಲವೆನ್ನುವಷ್ಟು ಕಡಿಮೆ. ಔಷಧವಿಲ್ಲದ ಬರೀ ಉಪ್ಪುನೀರಿನ ಇಂಜೆಕ್ಷನ್ ಎಂದು ಗೊತ್ತಿದ್ದೇ ಚುಚ್ಚಿಸಿಕೊಂಡವರಲ್ಲಿ ಶೇ 20, ಮಾಮೂಲಿ ಚಿಕಿತ್ಸೆಯವರಲ್ಲಿ ಶೇ 10.

ಸಂಶಯದ ಸುಬ್ಬ:
ಅಂಕಿ ಚೆನ್ನಾಗಿದೆ. ಒಂದೇ ಜಾಗ, ಬರೀ ಬೆನ್ನುನೋವು, ಅದೂ ಸಾಧಾರಣ ಮಟ್ಟದ್ದು. ತಮಗೆ ಯಾವ ಚಿಕಿತ್ಸೆ ಸಿಗುತ್ತಿದೆ ಎಂದು ಎಲ್ಲರಿಗೂ ಗೊತ್ತು. ನಂಬಿಕೆಯ ಪಾಲು ಎಷ್ಟು, ಚಿಕಿತ್ಸೆಯ ಪಾಲು ಎಷ್ಟು?

ಮತ್ತೆ ಓಡಿದವ:
ಈ ಚಿಕಿತ್ಸೆಯ ಕೆಲಸವೇ ನಂಬಿಕೆ ಬದಲಿಸುವುದು ಸ್ವಾಮಿ, ಅದನ್ನು ಕಳೆದು ಅಳೆಯುವುದು ಹೇಗೆ? ಒಂದು ವರ್ಷದ ನಂತರವೂ ಗುಣ ಬಹುಮಟ್ಟಿಗೆ ಉಳಿದಿತ್ತು. ಬೇರೆ ಕಡೆಯೂ ಪ್ರಯೋಗ ಆಗಬೇಕು, ಅದಕ್ಕೆ ನನ್ನ ತಕರಾರಿಲ್ಲ.

ಹಳೆ ಮೊಣಕಾಲು:
ಓಡಿದವರೇ, ನನಗೆ ರುಮಟಾಯ್ಡ್ ಆರ್ಥ್ರೈಟಿಸ್. ಕೀಲು ನಿಜಕ್ಕೂ ಹಾಳಾಗಿದೆ. ‘ಇದರಿಂದ ಏನೂ ಆಗುವುದಿಲ್ಲ’ ಎಂದು ನಾನು ಹೇಳಿಕೊಂಡರೆ ಸುಳ್ಳು. ಮಾತ್ರೆ ಬಿಡುವ ಹಾಗಿಲ್ಲ. ಅದರ ಜೊತೆಗೆ ಮೈಂಡ್‌ಫುಲ್‌ನೆಸ್ ಕಲಿತೆ. ಜಾನ್ ಕಬಾಟ್-ಜಿನ್ 1979ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಶುರುಮಾಡಿದ ಎಂಟು ವಾರದ ಕ್ರಮ. ನೋವು ಅಷ್ಟೇ ಇದೆ. ಆದರೆ ನೋವು ಬಂದ ಕೂಡಲೇ ಶುರುವಾಗುತ್ತಿದ್ದ ‘ನಾಳೆ ಹೇಗೋ, ಮುಂದೆ ಯಾರು ನೋಡಿಕೊಳ್ಳುತ್ತಾರೋ’ ಎಂಬ ಗೋಳು ಕಡಿಮೆಯಾಗಿದೆ. ನಿದ್ದೆ ಬರುತ್ತದೆ. ನನಗೆ ಅದು ಸಣ್ಣದಲ್ಲ.

ಬೆನ್ನುನೋವಿನವರಿಗೂ ಇದರ ಪ್ರಯೋಗ ಆಗಿದೆ. 2016ರದ್ದು, 342 ಜನ. ಆರು ತಿಂಗಳಿಗೆ ಓಡಾಟ, ಕೆಲಸಕಾರ್ಯ ಗಮನಕ್ಕೆ ಬರುವಷ್ಟು ಸುಧಾರಿಸಿದವರು ಮೈಂಡ್‌ಫುಲ್‌ನೆಸ್‌ನಲ್ಲಿ ಶೇ 61, ಸಿಬಿಟಿಯಲ್ಲಿ ಶೇ 58, ಮಾಮೂಲಿ ಚಿಕಿತ್ಸೆಯಲ್ಲಿ ಶೇ 44. ಪವಾಡ ಅಲ್ಲ.

ಮತ್ತೆ ಓಡಿದವ:
ನಿಮ್ಮ ಕಾಯಿಲೆಗೆ ಅದು ಸರಿ. ಆದರೆ ಸ್ಕ್ಯಾನಿನಲ್ಲಿ ಏನೂ ಇಲ್ಲದ ಮೂವತ್ತರ ಹುಡುಗನಿಗೂ ‘ಒಪ್ಪಿಕೊಂಡು ಬದುಕು’ ಎಂದರೆ ಮುಗಿಯಿತು. ಅವನು ಜೀವನಪೂರ್ತಿ ರೋಗಿ. ಹೋಗಬಹುದಾದ ನೋವನ್ನು ಯಾಕೆ ಒಪ್ಪಿಕೊಳ್ಳಬೇಕು?

ಹಳೆ ಮೊಣಕಾಲು:
ಸೊನ್ನೆ ಮಾಡಲು ಹೊರಟವರನ್ನೂ ನೋಡಿದ್ದೇನೆ. ಬೆಳಿಗ್ಗೆ ಕಣ್ಣು ಬಿಡುವ ಮೊದಲೇ ಸೊಂಟ ತಡವಿಕೊಂಡು ‘ಇವತ್ತು ಎಷ್ಟಿದೆ’ ಎಂದು ಅಳೆಯುತ್ತಾರೆ. ಇದ್ದರೆ ‘ನಾನು ಸರಿಯಾಗಿ ಮಾಡುತ್ತಿಲ್ಲ’ ಎಂಬ ಕೊರಗು ಬೇರೆ. ನೋವೂ ಇದೆ, ಫೇಲಾದ ಅವಮಾನವೂ ಇದೆ. ಒಪ್ಪಿಕೊಳ್ಳುವುದು ಎಂದರೆ ಕೈಚೆಲ್ಲುವುದಲ್ಲ. ನೋವು ಮುಗಿದ ಮೇಲೆ ಮಾಡೋಣ ಎಂದು ಎತ್ತಿಟ್ಟ ಕೆಲಸವನ್ನು ಈಗಲೇ ಶುರುಮಾಡುವುದು.

ಫಿಸಿಯೋ ಅಕ್ಕ:
ಇಬ್ಬರೂ ನೋವನ್ನು ನೋಡಿ ಓಡಬೇಡಿ ಎಂದೇ ಹೇಳುತ್ತಿದ್ದೀರಿ, ಗುರಿ ಬೇರೆ ಅಷ್ಟೆ. ನನ್ನ ಹತ್ತಿರ ಬರುವವರಿಗೆ ನೆಲದ ಮೇಲಿನ ಪೆನ್ನು ಎತ್ತಿಕೊಡಿ ಎನ್ನುತ್ತೇನೆ. ಬಹಳ ಜನ ಮೊದಲು ಉಸಿರು ಕಟ್ಟುತ್ತಾರೆ, ಒಂದು ಕೈ ತೊಡೆಗೆ ಊರುತ್ತಾರೆ, ಬೆನ್ನು ಬಗ್ಗಿಸದೆ ಮಂಡಿಯಲ್ಲೇ ಇಳಿಯುತ್ತಾರೆ. ‘ಬಗ್ಗಿದರೆ ಡಿಸ್ಕ್ ಜಾರುತ್ತದೆ’ ಎಂದು ಯಾರೋ ಎಂದೋ ಹೇಳಿರುತ್ತಾರೆ. ಅದೇ ಪೆನ್ನನ್ನು ಉಸಿರು ಬಿಡುತ್ತಾ, ಬೆನ್ನು ಸಡಿಲ ಬಿಟ್ಟು ಎತ್ತಿಸಿದರೆ ಎಷ್ಟೋ ಸಲ ನೋವು ಕಡಿಮೆ. ಅವರ ಮುಖ ನೋಡಬೇಕು ಆಗ!

ಕಾಗ್ನಿಟಿವ್ ಫಂಕ್ಷನಲ್ ಥೆರಪಿ ಎನ್ನುವುದು ಈ ಜಾತಿಯದ್ದು. ಮಾತು ಮತ್ತು ಚಲನೆ ಒಟ್ಟಿಗೆ. ಆಸ್ಟ್ರೇಲಿಯಾದಲ್ಲಿ 492 ಜನರ ಮೇಲೆ ಪ್ರಯೋಗ ಮಾಡಿ 2023ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. 12 ವಾರಗಳಲ್ಲಿ ಹೆಚ್ಚೆಂದರೆ ಏಳು ಭೇಟಿ, ಆಮೇಲೆ ಇನ್ನೊಂದು. ಗುಣ ವರ್ಷದ ಕೊನೆಗೂ ಉಳಿದಿತ್ತು.

ರಾತ್ರಿಪಾಳಿ:
ಹಳೆಯ ಸಿಟ್ಟು, ದುಃಖವನ್ನು ಬಾಯಿಬಿಟ್ಟು ಹೇಳಿಸುವ ಚಿಕಿತ್ಸೆಯೂ ಇದೆ, ಇಎಇಟಿ ಎನ್ನುತ್ತಾರೆ. 60 ದಾಟಿದ 126 ಮಾಜಿ ಸೈನಿಕರ ಮೇಲೆ ನಡೆದ 2024ರ ಪ್ರಯೋಗದಲ್ಲಿ ನೋವು ಶೇ 30ರಷ್ಟಾದರೂ ಇಳಿದವರು ಶೇ 63. ಸಿಬಿಟಿಯಲ್ಲಿ ಶೇ 17. ನಾನು ಹೋಗಿದ್ದೆ. ಒಂದಷ್ಟು ದಿನ ಮನಸ್ಸು ಕದಡಿಹೋಗಿತ್ತು. ತರಬೇತಿ ಇರುವವರ ಹತ್ತಿರವೇ ಹೋಗಿ, ಒಬ್ಬರೇ ಕೂತು ಮಾಡಬೇಡಿ.

ಇನ್ನೊಂದು. ಆನ್‌ಲೈನ್ ಕೋರ್ಸ್ ಮಾರುವ ಒಬ್ಬರು ನನಗೆ ‘ಮಾತ್ರೆ ನುಂಗುತ್ತಲೇ ಇದ್ದರೆ ಅಪಾಯ ಇಲ್ಲ ಎಂದು ಮೆದುಳು ನಂಬುವುದಿಲ್ಲ, ಇವತ್ತೇ ಎಸೆಯಿರಿ’ ಎಂದರು. ದಯವಿಟ್ಟು ಎಸೆಯಬೇಡಿ. ಪ್ರೆಗಾಬಲಿನ್, ಅಮಿಟ್ರಿಪ್ಟಿಲಿನ್‌ನಂಥ ನೋವಿನ ಮಾತ್ರೆಗಳನ್ನು ಒಮ್ಮೆಲೇ ಬಿಟ್ಟರೆ ತೊಂದರೆ. ಡಾಕ್ಟರನ್ನು ಕೇಳಿ ಸ್ವಲ್ಪಸ್ವಲ್ಪವೇ ಇಳಿಸಬೇಕು.

ಸಂಶಯದ ಸುಬ್ಬ:
ಇದನ್ನು ಮಾತ್ರ ಕಣ್ಣುಮುಚ್ಚಿ ಒಪ್ಪುತ್ತೇನೆ. ಗುಣವಾಗದಿದ್ದರೆ ‘ನೀವು ಮನಸ್ಸಿಟ್ಟು ಮಾಡಲಿಲ್ಲ’ ಎನ್ನುವವರ ಹತ್ತಿರವೂ ಹೋಗಬೇಡಿ. ಗೆದ್ದರೆ ಅವರದು, ಸೋತರೆ ನಿಮ್ಮದು.

ನಿಧಾನನಡಿಗೆ:
ಎಲ್ಲರಿಗೂ ಥ್ಯಾಂಕ್ಸ್. ಅಕ್ಕ ಹೇಳಿದ ಲಕ್ಷಣ ಯಾವುದೂ ನನಗಿಲ್ಲ. ನನ್ನ ನೋವು ಜಾಗ ಬದಲಿಸುವುದಿಲ್ಲ, ವಾರವನ್ನೂ ನೋಡುವುದಿಲ್ಲ. ಆದರೆ ಪೆನ್ನಿನ ಮಾತು ಓದುವಾಗ ನಗು ಬಂತು, ನಾನು ಬಗ್ಗುವುದು ಥೇಟ್ ಹಾಗೆಯೇ. ಹಾಗಾಗಿ ಚಲನೆಯ ಕಡೆಯಿಂದ ಶುರುಮಾಡುತ್ತೇನೆ. ಅದನ್ನು ಕಲಿತ ಫಿಸಿಯೋ ಸಿಗುತ್ತಾರಾ ಎಂದು ವಿಚಾರಿಸುತ್ತಿದ್ದೇನೆ. ಹೇಗೆ ನಡೆದಿದೆ ಎಂದು ಇಲ್ಲೇ ಬರೆಯುತ್ತೇನೆ.

ಹಳೆ ಮೊಣಕಾಲು:
ಬರೆಯಿರಿ. ನೋವು ಹತ್ತಕ್ಕೆ ಎಷ್ಟು ಎಂದು ಮಾತ್ರ ಬರೆಯಬೇಡಿ. ಆ ವಾರ ಏನು ಮಾಡಿದಿರಿ, ಎಲ್ಲಿಗೆ ಹೋದಿರಿ, ಅದನ್ನು ಬರೆಯಿರಿ.

ಮತ್ತೆ ಓಡಿದವ:
ಅಂಕವನ್ನೂ ಬರೆಯಿರಿ ಸರ್. ದಿನಾ ಬೇಡ, ತಿಂಗಳಿಗೊಮ್ಮೆ ಸಾಕು.

ಸಂಶಯದ ಸುಬ್ಬ:
ಇವರಿಬ್ಬರ ಜಗಳ ಇನ್ನೂ ಮುಗಿದಿಲ್ಲ. ಗುಣ ಕಾಣದಿದ್ದರೂ ಬರೆಯಿರಿ ನಡಿಗೆಯವರೇ, ಅಂಥವು ಇಲ್ಲಿ ಬರುವುದೇ ಕಡಿಮೆ.