ಅಪ್‌ಡೇಟ್: ಹವಳದ ತೊಟ್ಟಿಗೆ ಮನೆಯಲ್ಲೇ ಜೋಡಿಸಿದ ಎಲ್‌ಇಡಿ ದೀಪ

ಜೀವಂತ ಹವಳ ಸಾಕುವ ನನ್ನ ಎರಡು ಅಡಿಯ ಉಪ್ಪುನೀರಿನ ತೊಟ್ಟಿಗೆ ಎಲ್‌ಇಡಿ ದೀಪ ನಾನೇ ಜೋಡಿಸಬಹುದಾ ಅಂತ ಹಿಂದೆ ಇಲ್ಲಿ ಕೇಳಿದ್ದೆ. ಜೋಡಿಸಿ ಎರಡು ತಿಂಗಳಾಯಿತು, ಚೆನ್ನಾಗಿ ಉರಿಯುತ್ತಿದೆ!

3 ವ್ಯಾಟಿನ 24 ಎಲ್‌ಇಡಿ: 16 ರಾಯಲ್ ಬ್ಲೂ (ಕಡುನೀಲಿ, ತರಂಗಾಂತರ 450 ನ್ಯಾನೋಮೀಟರ್ ಆಸುಪಾಸು), 8 ಬಿಳಿ. ಎಂಟೆಂಟರ ಮೂರು ಸಾಲು, ಸಾಲಿಗೊಂದು 700 ಮಿಲಿಆಂಪ್ ಡ್ರೈವರ್ (ಎಲ್‌ಇಡಿಗಳಿಗೆ ಒಂದೇ ಸಮನೆ ಕರೆಂಟ್ ಕೊಡುವ ಸಾಧನ).

ಎಡವಿದ್ದು ಒಂದೇ ಕಡೆ. ಮೊದಲ ದಿನವೇ ಪೂರ್ತಿ ಬೆಳಕು ಬಿಟ್ಟೆ. ನೀಲಿ ಬೆಳಕು ನಮ್ಮ ಕಣ್ಣಿಗೆ ಮಂಕು, ಆದರೆ ಹವಳದೊಳಗಿನ ಪಾಚಿಗೆ ಅದೇ ಜಾಸ್ತಿ ತಟ್ಟುತ್ತದೆ. ನಾಲ್ಕೇ ದಿನಕ್ಕೆ ಮಶ್ರೂಮ್ ಹವಳಗಳು (ಕಲ್ಲಿನಂಥ ಗೂಡು ಕಟ್ಟದ ಮೆತ್ತನೆಯ ಹವಳ) ಮುದುಡಿ ಬಣ್ಣ ಬಿಟ್ಟವು. ನೋಡಿ ಕರುಳು ಚುರುಕ್ ಅಂದಿತು. 30 ಪರ್ಸೆಂಟಿಗೆ ಇಳಿಸಿ, ವಾರಕ್ಕೆ 5ರಂತೆ ಏರಿಸಿದೆ. ಈಗ 60ರಲ್ಲಿದೆ, ಎಲ್ಲವೂ ಅರಳಿವೆ. ಒಂದು ಹವಳ ಮರಿಯನ್ನೂ ಹಾಕಿದೆ! (ಕಲ್ಲು ಹವಳ ನನ್ನಲ್ಲಿಲ್ಲ. ಅವು 1972ರ ವನ್ಯಜೀವಿ ಕಾಯ್ದೆಯಡಿ ರಕ್ಷಿತ ಜೀವಿಗಳು.)

ಹುಬ್ಬಳ್ಳಿಯ ಏಪ್ರಿಲ್ ಬಿಸಿಲಿಗೆ ಹೀಟ್‌ಸಿಂಕ್ (ಎಲ್‌ಇಡಿಗಳ ಬಿಸಿ ಹೀರುವ ಲೋಹದ ತಟ್ಟೆ) ಮುಟ್ಟಲು ಆಗುತ್ತಿರಲಿಲ್ಲ. ನನ್ನ ಪ್ರಶ್ನೆಗೆ "ಫ್ಯಾನ್ ಹಾಕೋ ತಮ್ಮಾ" ಅಂದಿದ್ದ ಧಾರವಾಡದ ಅಣ್ಣಾರ ಮಾತು ಖರೇ ಆಯಿತು. ಹಳೇ ಕಂಪ್ಯೂಟರಿನ ಎರಡು 12 ವೋಲ್ಟ್ ಫ್ಯಾನ್ ಕೂರಿಸಿದೆ. ಒಂದು ಹೀಟ್‌ಸಿಂಕಿಗೆ, ಇನ್ನೊಂದು ನೀರಿನ ಮೇಲೆ ಗಾಳಿ ಬೀಸುತ್ತದೆ. ಇದರಿಂದ ನೀರು ಬೇಗ ಆವಿಯಾಗುತ್ತದೆ, ಹಾಗಾಗಿ ದಿನಾ ಬೆಳಿಗ್ಗೆ ಉಪ್ಪಿಲ್ಲದ ಆರ್‌ಓ ನೀರು ತುಂಬುತ್ತೇನೆ.

ಅಣ್ಣಾರೇ, ಮುಂದಿನ ವಾರ ಆ ಮರಿ ನಿಮಗೇ ತರುತ್ತೇನೆ.